ಮೂರೂಕಾಲು-ಹದಿನಾರರ ಹುಡುಕಾಟ

ಮೈಸೂರಿನಲ್ಲಿ ತಯಾರಾದ ಜಾವಾ 250 ಬೈಕಿಗೆ ಹಿಂದೂ ಮುಂದೂ ಒಂದೇ ಅಳತೆಯ ಟಯರು: 3.25-16. ಬಾಯಿಮಾತಿನಲ್ಲಿ ಮೂರೂಕಾಲು-ಹದಿನಾರು. ಮೂರೂಕಾಲು ಇಂಚು ಎಂಬುದು ಗಾಳಿ ತುಂಬಿದಾಗ ಟಯರಿನ ಅಗಲ. ಹದಿನಾರು ಇಂಚು ಎಂಬುದು ಅದು ಕೂರುವ ರಿಮ್ಮಿನ ವ್ಯಾಸ. ಬೈಕು ಹೊಸದಾಗಿದ್ದ ಕಾಲದಲ್ಲಿ ಇದು ಅಂಗಡಿಯ ಮುಂದೆ ನೇತುಹಾಕುತ್ತಿದ್ದ ಮಾಮೂಲಿ ಮಾಲು. ಈಗ ಹೊಸ ಬೈಕುಗಳು ಹೆಚ್ಚಾಗಿ 17 ಮತ್ತು 18 ಇಂಚಿಗೆ ಹೋಗಿವೆ, 16 ಇಂಚು ಹೆಚ್ಚುಕಡಿಮೆ ಮೊಪೆಡ್ಡಿನ ಪಾಲಾಗಿದೆ. ಹೀಗಾಗಿ ಹಳೆಯ ಜಾವಾಕ್ಕೆ ಟಯರು ಬದಲಿಸುವುದೆಂದರೆ ಅಂಗಡಿಗೆ ಹೋಗಿ ತರುವ ಕೆಲಸವಲ್ಲ, ಹುಡುಕುವ ಕೆಲಸ. ಹುಡುಕಿ ಸುಸ್ತಾದವರು ಸಿಕ್ಕಿದ್ದನ್ನು ಹಾಕಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಶುರುವಾದದ್ದು 1960ರಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ತಂದು ಯಾದವಗಿರಿಯಲ್ಲಿ ಕಾರ್ಖಾನೆ ಹೂಡಿದರು. ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಇತ್ತು. 1961ರಿಂದ ಬೈಕುಗಳು ಹೊರಬಂದವು. 1973ರಿಂದ ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎಂದರೆ ಅತ್ಯಂತ ಎಳೆಯ ಯೆಜ್ಡಿಗೂ ಈಗ ಮೂವತ್ತರ ಹತ್ತಿರದ ಪ್ರಾಯ. ಜಾವಾ ಮತ್ತು ಮೊದಲ ಕಾಲದ ಯೆಜ್ಡಿ 250ರ ಚಕ್ರ 16 ಇಂಚಿನದು, ರೋಡ್‌ಕಿಂಗಿನದು 18. ಟಯರಿನ ಮಟ್ಟಿಗೆ ಈ ಎರಡು ಇಂಚಿನ ವ್ಯತ್ಯಾಸ ಬಹಳ ದೊಡ್ಡದು. ರೋಡ್‌ಕಿಂಗ್ ಇಟ್ಟವರಿಗೆ 18ರ ಟಯರು ತಿಪಟೂರಿನಲ್ಲೇ ಸಿಕ್ಕೀತು. ಜಾವಾ ಇಟ್ಟವರು ತುಮಕೂರು ದಾಟಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹೋಗಬೇಕಾದೀತು.

ತಿಪಟೂರಿನ ಸುತ್ತಣ ತೆಂಗಿನ ಸೀಮೆಯಲ್ಲಿ ಈ ಬೈಕುಗಳು ಉಳಿದಿರುವುದಕ್ಕೆ ಕಾರಣ ಬರೀ ಮಮತೆಯಲ್ಲ. ಇಲ್ಲಿನ ಅರಳಗುಪ್ಪೆ ಎಂಬ ಊರಿನಿಂದ ಬಾಣಸಂದ್ರ ರೈಲು ನಿಲ್ದಾಣಕ್ಕೆ ಸುಮಾರು 6 ಕಿ.ಮೀ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ, ತುರುವೇಕೆರೆಯ ಸಂತೆಗೂ ಒಂದು ಬೈಕಿದ್ದರೆ ದಿನದ ಓಡಾಟ ಮುಗಿಯುತ್ತದೆ. ಎರಡು ಸ್ಟ್ರೋಕಿನ 250 ಸಿಸಿ ಎಂಜಿನ್ನು ಕೆಳಗಿನ ಗೇರಿನಲ್ಲೇ ಎಳೆಯುತ್ತದೆ. ಹಿಂದೆ ಕಾಯಿಚೀಲ ಹೇರಿದರೂ ತೋಟದ ಮಣ್ಣಿನ ದಾರಿಯಲ್ಲಿ ಉಸಿರು ಬಿಡುವುದಿಲ್ಲ. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಆದ್ದರಿಂದ ಹಳೆಯದೊಂದು ಜಾವಾ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದರೂ, ಮಗನೋ ಮೊಮ್ಮಗನೋ ಒಂದು ದಿನ ಅದನ್ನು ಹೊರಗೆ ತಳ್ಳಿ, ಕಾರ್ಬುರೇಟರ್ ತೊಳೆದು, ಕಿಕ್ ಹೊಡೆದೇ ಹೊಡೆಯುತ್ತಾನೆ. ಎಂಜಿನ್ನು ಎದ್ದ ಮರುಕ್ಷಣ ಕಣ್ಣು ಹೋಗುವುದು ಟಯರಿನ ಕಡೆಗೆ.

ಯಾವ ಟಯರು ಎನ್ನುವುದಕ್ಕೆ ಮೊದಲು ಬೈಕು ಇನ್ನು ಮುಂದೆ ಏನು ಮಾಡಲಿದೆ ಎನ್ನುವುದು ತೀರ್ಮಾನವಾಗಬೇಕು. ವರ್ಷಕ್ಕೊಮ್ಮೆ ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ-ಯೆಜ್ಡಿ ದಿನಕ್ಕೆ ಹೋಗಿಬರುವ ಬೈಕಿಗೆ ಬೇಕಾದದ್ದು ಒಂದು. ದಿನಾ ತೋಟಕ್ಕೆ ಹೋಗುವ ಬೈಕಿಗೆ ಬೇಕಾದದ್ದು ಇನ್ನೊಂದು. ಕಾನೂನು ಕೂಡ ಈ ಎರಡನ್ನು ಬೇರೆ ಮಾಡಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ತಂದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರವಿರುವ ಸಂಖ್ಯೆ ಪಡೆಯಬಹುದು. ಆದರೆ ಹಾಗೆ ನೋಂದಾಯಿಸಿದ ಬೈಕನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ ಇಷ್ಟಕ್ಕೆ ಮಾತ್ರ. ಕಾಯಿಚೀಲ ಹೇರುವ ಆಸೆ ಇದ್ದವರು 15 ವರ್ಷ ಮೀರಿದ ಸಾಮಾನ್ಯ ವಾಹನದಂತೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಕೆಎ-44ರಲ್ಲೋ ಹಳೆಯ ಸಂಖ್ಯೆಯಲ್ಲೋ ಓಡಿಸಬೇಕು. ಪ್ರದರ್ಶನದ ಬೈಕಿಗೆ ಟಯರಿನ ಚಹರೆ ಆ ಕಾಲದ್ದಾಗಿರಬೇಕು, ಪಟ್ಟೆಯೂ ಬಟನ್ನೂ ಹಳೆಯ ಫೋಟೋಕ್ಕೆ ಹೊಂದಬೇಕು. ದುಡಿಯುವ ಬೈಕಿಗೆ ಚಹರೆಯ ಹಂಗಿಲ್ಲ. ಅದಕ್ಕೆ ಬೇಕಾದದ್ದು ಅಳತೆ, ಭಾರ, ವಯಸ್ಸು. ಈ ಬರಹ ಹೆಚ್ಚಾಗಿ ಎರಡನೆಯದರ ಬಗ್ಗೆ.

ಅಳತೆಯಲ್ಲಿ ಆಗುವ ತಪ್ಪುಗಳು ಎರಡು ಬಗೆ. ಮೊದಲನೆಯದು ಮಾತಿನಲ್ಲಿ. ‘ಮೂರೂಕಾಲು ಟಯರು’ ಎಂದಷ್ಟೇ ಹೇಳಿ ಪೇಟೆಗೆ ಕಳಿಸಿದರೆ ತರುವವರು ಹಳೆಯ ಬುಲೆಟ್ಟಿನ ಟಯರು ತಂದುಬಿಡುವ ಸಂಭವವಿದೆ. ಎನ್‌ಫೀಲ್ಡ್ ಬುಲೆಟ್ 350ರ ಟಯರೂ ಮೂರೂಕಾಲೇ, ಆದರೆ 3.25-19. ಅಗಲ ಒಂದೇ, ರಿಮ್ಮು ಮೂರು ಇಂಚು ದೊಡ್ಡದು. ಬಾಣಸಂದ್ರದಲ್ಲಿ ಇಳಿಸಿಕೊಂಡ ಮೇಲೆ ಗೊತ್ತಾದರೆ ಟಯರನ್ನು ಮತ್ತೆ ರೈಲು ಹತ್ತಿಸಬೇಕು. ಆದ್ದರಿಂದ ಎರಡು ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದುಕೊಡಬೇಕು, ಅದೂ ಈಗಿರುವ ಟಯರನ್ನು ನೋಡಿ ಅಲ್ಲ. ಅರವತ್ತು ವರ್ಷದ ಬೈಕಿನ ಮೇಲಿರುವ ಟಯರು ಯಾರದೋ ಕಾಲದಲ್ಲಿ ಸಿಕ್ಕಿದ್ದನ್ನು ಹಾಕಿಸಿದ್ದಿರಬಹುದು. ರಿಮ್ಮಿನ ಒಳಗೆ ಒತ್ತಿದ ಗುರುತನ್ನು ನೋಡಬೇಕು. 1.85×16 ಎಂದೋ ಡಬ್ಲ್ಯುಎಂ2 ಎಂದೋ ಇದ್ದರೆ ರಿಮ್ಮಿನ ಅಗಲ 1.85 ಇಂಚು, ಇಂಥದಕ್ಕೆ 3.00ರಿಂದ 3.50ರವರೆಗಿನ ಟಯರು ಸರಿಯಾಗಿ ಕೂರುತ್ತದೆ.

ಎರಡನೆಯ ತಪ್ಪು ತಿಳಿದೇ ಮಾಡುವುದು. 16 ಇಂಚಿನ ಟಯರು ಊರೂರಲ್ಲೂ ಸಿಗುತ್ತದೆ, ಟಿವಿಎಸ್ ಎಕ್ಸೆಲ್ಲಿಗೆ. ಈ ಸೀಮೆಯ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಅದು ಇದ್ದೇ ಇರುತ್ತದೆ, ಯಾಕೆಂದರೆ ಎಳನೀರು ಗೊನೆಯಿಂದ ಹಿಂಡಿ ಚೀಲದವರೆಗೆ ಎಲ್ಲವನ್ನೂ ಹೊರುವುದು ಎಕ್ಸೆಲ್ಲೇ. ಅದರ ಅಳತೆ 2.50-16. ಜಾವಾದ ರಿಮ್ಮಿಗೆ ಅದು ಕೂರುತ್ತದೆ, ಗಾಳಿಯೂ ನಿಲ್ಲುತ್ತದೆ, ನೋಡುವುದಕ್ಕೆ ಸ್ವಲ್ಪ ಬಡಕಲಾಗಿ ಕಾಣುತ್ತದೆ ಅಷ್ಟೆ. ಆದರೆ ಲೆಕ್ಕ ಹಾಕಿದರೆ ಗುಟ್ಟು ಹೊರಬೀಳುತ್ತದೆ. ಟಯರಿನ ಎತ್ತರ ಅದರ ಅಗಲದಷ್ಟೇ ಎಂದಿಟ್ಟುಕೊಂಡರೆ ಮೂರೂಕಾಲಿನ ಚಕ್ರದ ಹೊರ ವ್ಯಾಸ ಸುಮಾರು 571 ಮಿ.ಮೀ., ಎರಡೂವರೆಯದು 533. ಬೈಕು 19 ಮಿ.ಮೀ. ಕೆಳಗಿಳಿಯಿತು. ತೋಟದ ಬದು ದಾಟುವಾಗ ಸೈಲೆನ್ಸರು ತಾಗುವುದಕ್ಕೆ ಅಷ್ಟು ಸಾಕು. ಅದೇ ದೂರಕ್ಕೆ ಎಂಜಿನ್ನು ನೂರಕ್ಕೆ ಏಳು ಸುತ್ತು ಹೆಚ್ಚು ತಿರುಗಬೇಕು. ಇವೆರಡೂ ಸಹಿಸುವ ಮಾತು. ಸಹಿಸಲಾಗದ್ದು ಭಾರದ ಲೆಕ್ಕ.

ಪ್ರತಿ ಟಯರಿನ ಪಕ್ಕೆಯಲ್ಲಿ ಅಳತೆಯ ಮುಂದೆಯೇ ಇನ್ನೊಂದು ಸಂಖ್ಯೆ, ಅದರ ಬೆನ್ನಿಗೆ ಒಂದು ಅಕ್ಷರ ಇರುತ್ತದೆ. 3.25-16 55ಪಿ ಎಂದಿದ್ದರೆ 55 ಎನ್ನುವುದು ಆ ಟಯರು ಹೊರಬಲ್ಲ ಭಾರದ ಸಂಕೇತ, ಪಿ ಎನ್ನುವುದು ವೇಗದ್ದು. 55 ಎಂದರೆ 55 ಕೆ.ಜಿ. ಅಲ್ಲ, 218 ಕೆ.ಜಿ. 50 ಎಂದರೆ 190, 45 ಎಂದರೆ 165, 41 ಎಂದರೆ 145. ಅಕ್ಷರಗಳಲ್ಲಿ ಜೆ ಎಂದರೆ ಗಂಟೆಗೆ 100 ಕಿ.ಮೀ., ಎಲ್ ಎಂದರೆ 120, ಪಿ ಎಂದರೆ 150. ಹಳೆಯ 250ಕ್ಕೆ ವೇಗದ ಅಕ್ಷರ ಯಾವುದಿದ್ದರೂ ನಡೆದೀತು. ಹೆದ್ದಾರಿಯಲ್ಲೂ ಅದನ್ನು ಅರವತ್ತು-ಎಪ್ಪತ್ತಕ್ಕಿಂತ ಜೋರು ಓಡಿಸುವವರು ಅಪರೂಪ. ಭಾರದ ಸಂಖ್ಯೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಪೆಟ್ರೋಲು ಸೇರಿ ಬೈಕಿನ ತೂಕ 140 ಕೆ.ಜಿ. ಎಂದಿಟ್ಟುಕೊಳ್ಳೋಣ. ಓಡಿಸುವವರು 70. ಹಿಂದೆ ಕೂತವರು 60. ಅವರ ತೊಡೆಗೂ ಕ್ಯಾರಿಯರಿಗೂ ನಡುವೆ ಸುಲಿದ ನೂರು ಕಾಯಿಯ ಚೀಲ, ಸುಮಾರು 55. ಒಟ್ಟು 325 ಕೆ.ಜಿ. ಹಿಂದೆ ಹೇರಿದ್ದೆಲ್ಲ ಹೆಚ್ಚುಕಡಿಮೆ ಹಿಂದಿನ ಚಕ್ರದ ತಲೆಗೇ ಬರುತ್ತದೆ, ಒಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿ ಎಂದರೆ ಸುಮಾರು 217 ಕೆ.ಜಿ. 55ರ ಟಯರು ಇದನ್ನು ಅಂಚಿನಲ್ಲಿ ತಡೆದುಕೊಂಡೀತು. ಎಕ್ಸೆಲ್ಲಿನ 41ರ ಟಯರು ಅದರ ಮೂರನೇ ಎರಡು ಭಾಗಕ್ಕಷ್ಟೇ ತಯಾರಾದದ್ದು. ಅದು ಮೊದಲ ದಿನವೇ ಒಡೆಯುವುದಿಲ್ಲ ಎನ್ನುವುದೇ ಮೋಸ. ಪಕ್ಕೆ ಪ್ರತಿ ಸುತ್ತಿಗೂ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನ ನೈಲಾನ್ ಪದರಗಳ ಅಂಟು ಬಿಡುತ್ತದೆ. ಆರು ತಿಂಗಳ ನಂತರ ಯಾವುದೋ ಬೇಸಗೆಯ ಮಧ್ಯಾಹ್ನ ಪಕ್ಕೆಯಲ್ಲಿ ಲಿಂಬೆಹಣ್ಣಿನ ಗಾತ್ರದ ಬುಗುಟು ಏಳುತ್ತದೆ. ‘6 ಪಿಆರ್’ ಎಂಬ ಗುರುತು ನೋಡಿ ಗಟ್ಟಿಯಿದೆ ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ಅದು ಪದರಗಳ ಬಲದ ದರ್ಜೆ. ಆ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ 41 ಎಂಬ ಸಂಖ್ಯೆ ಬಂದಿರುವುದು.

ಹಾಗಾದರೆ ದಪ್ಪದ ಕಡೆಗೆ ಹೋಗಬಹುದೇ? ಮೂರೂಕಾಲು ಸಿಗದಿದ್ದಾಗ 3.50-16 ಸಿಕ್ಕರೆ ರಿಮ್ಮಿಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ಸುತ್ತಮುತ್ತ. ಜಾವಾದ ಚೈನು ಪೂರ್ತಿ ತಗಡಿನ ಕವಚದೊಳಗೆ ಓಡುತ್ತದೆ, ಮಡ್‌ಗಾರ್ಡು ಚಕ್ರವನ್ನು ಆಳವಾಗಿ ಅಪ್ಪಿಕೊಂಡಿರುತ್ತದೆ. ಧೂಳೂ ಕೆಸರೂ ಚೈನಿಗೆ ತಾಗದ ಈ ವ್ಯವಸ್ಥೆ ತೋಟದ ದಾರಿಗೆ ವರವೇ, ಆದರೆ ದಪ್ಪ ಟಯರಿಗೆ ಜಾಗ ಬಿಡುವುದಿಲ್ಲ. ಪರೀಕ್ಷೆ ಸುಲಭ: ಹಳೆಯ ಟಯರಿಗೆ ಪೂರ್ತಿ ಗಾಳಿ ಹೊಡೆಸಿ, ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಟಯರಿಗೂ ಚೈನ್ ಕವಚಕ್ಕೂ ನಡುವೆ ಕಿರುಬೆರಳು ತೂರಿಸಬೇಕು. ಚಕ್ರವನ್ನು ನಿಧಾನ ಒಂದು ಸುತ್ತು ತಿರುಗಿಸುವಾಗ ಎಲ್ಲಾದರೂ ಬೆರಳು ಬಿಗಿಯಾದರೆ ಅದಕ್ಕಿಂತ ದಪ್ಪ ಟಯರು ಆ ಬೈಕಿಗೆ ಆಗದು. ಹಾಗೆ ಬಿಗಿಯಾಗುವುದು ಒಂದೇ ಕಡೆ ಎಂದಾದರೆ ದೋಷ ಟಯರಿನದಲ್ಲ. ರಿಮ್ಮು ಬೆಂಡಾಗಿದೆ, ಮೊದಲು ಕಡ್ಡಿ ಬಿಗಿಸಿ ಬೆಂಡು ತೆಗೆಸಬೇಕು.

ಮಿ.ಮೀ. ಲೆಕ್ಕದ ಹೊಸ ಟಯರುಗಳನ್ನು ಹೊಂದಿಸುವ ಉಪಾಯವೂ ಬಳಕೆಯಲ್ಲಿದೆ. 90/90 ಎಂದರೆ ಅಗಲ 90 ಮಿ.ಮೀ., ಎತ್ತರ ಅದರ ನೂರಕ್ಕೆ 90 ಭಾಗ, ಎಂದರೆ 81. ಮೂರೂಕಾಲು ಇಂಚು ಎಂದರೆ ಎಂಬತ್ತೆರಡೂವರೆ ಮಿ.ಮೀ. ಸಂಖ್ಯೆಗಳು ಹತ್ತಿರ ಹತ್ತಿರ ಬಂದವು ಎಂದು ಖುಷಿಪಡುವ ಹೊತ್ತಿಗೆ ರಿಮ್ಮಿನ ಸಂಖ್ಯೆ ಕಣ್ಣಿಗೆ ಬೀಳುತ್ತದೆ. ಇಂಥ ಟಯರು ಸಲೀಸಾಗಿ ಸಿಗುವುದು 17 ಮತ್ತು 18 ಇಂಚಿನಲ್ಲಿ. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಹೊಸ ಜಾವಾದ ಟಯರೂ ಇದೇ ಕಾರಣಕ್ಕೆ ಹಳೆಯ ಜಾವಾಕ್ಕೆ ಆಗುವುದಿಲ್ಲ, ಹೆಸರೊಂದು ಬಿಟ್ಟು ಎರಡರ ಚಕ್ರಕ್ಕೂ ಸಂಬಂಧವಿಲ್ಲ. ರಿಮ್ಮನ್ನೇ 18ಕ್ಕೆ ಬದಲಿಸಿಬಿಡುವವರಿದ್ದಾರೆ. ಆಗ ಟಯರಿನ ಕಷ್ಟ ತೀರಿ ಮಡ್‌ಗಾರ್ಡು, ಸ್ಟ್ಯಾಂಡು, ಬೈಕಿನ ನಿಲುವು ಎಲ್ಲದರ ಕಷ್ಟ ಶುರುವಾಗುತ್ತದೆ. ನೋಡಿದವರಿಗೆ ಅದು ಜಾವಾ ಅನ್ನಿಸುವುದೂ ಕಷ್ಟ. ಇನ್ನು ರೇಡಿಯಲ್ ಟಯರು, ಟ್ಯೂಬ್‌ಲೆಸ್ ಟಯರು ಇವುಗಳ ಮಾತು ಬೇಗ ಮುಗಿಯುತ್ತದೆ. ಹಳೆಯ ಬೈಕಿನ ಚೌಕಟ್ಟು, ರಿಮ್ಮು ಎರಡೂ ನೈಲಾನ್ ದಾರಗಳು ಓರೆಯಾಗಿ ಹೆಣೆದ ಹಳೆ ಬಗೆಯ ಟಯರಿಗೆಂದೇ ಆದವು. ಮುಂದೊಂದು ಬಗೆ ಹಿಂದೊಂದು ಬಗೆ ಹಾಕಿದರೆ ತಿರುವಿನಲ್ಲಿ ಬೈಕು ಎರಡು ಮನಸ್ಸು ಮಾಡುತ್ತದೆ. ಕಡ್ಡಿ ಹಾಯುವ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತಿರುವುದರಿಂದ ಟ್ಯೂಬಿಲ್ಲದೆ ಗಾಳಿ ನಿಲ್ಲುವುದಿಲ್ಲ.

ಅಳತೆ, ಭಾರ ಎರಡೂ ಸರಿಯಿರುವ ಟಯರು ಕೊನೆಗೂ ಸಿಕ್ಕಿತು ಎಂದಾಗ ನೋಡಬೇಕಾದ ಮುಖ್ಯ ಸಂಗತಿಯೇ ಬಾಕಿಯಿರುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬಟನ್ ಮುಟ್ಟಿ ನೋಡುತ್ತಾರೆ. ಆಳವಾಗಿದೆ, ಚೂಪಾಗಿದೆ, ಆಯಿತು. ಆದರೆ ಅಪರೂಪದ ಅಳತೆಯ ಟಯರಿಗೆ ಬಟನ್ ಯಾವತ್ತೂ ಆಳವಾಗಿಯೇ ಇರುತ್ತದೆ, ಯಾಕೆಂದರೆ ಅದು ರಸ್ತೆಯನ್ನೇ ಕಂಡಿಲ್ಲ. ಅದು ಎಷ್ಟು ವರ್ಷದಿಂದ ಅಂಗಡಿಯ ಅಟ್ಟದ ಮೇಲಿದೆ ಎನ್ನುವುದು ಪ್ರಶ್ನೆ. ಓಡುವ ಅಳತೆಯ ಟಯರು ಅಂಗಡಿಗೆ ಬಂದ ತಿಂಗಳಲ್ಲೇ ಖರ್ಚಾಗುತ್ತದೆ. ಮೂರೂಕಾಲು-ಹದಿನಾರು ಗಿರಾಕಿಗೆ ಕಾಯುತ್ತಾ ಮುದಿಯಾಗುತ್ತದೆ. ಹಳೆಯ ಬೈಕಿನ ಟಯರಿನ ಆಯ್ಕೆಯಲ್ಲಿ ಕಂಪನಿಯ ಹೆಸರಿಗಿಂತ ತಯಾರಾದ ತಾರೀಖು ದೊಡ್ಡದು ಎನ್ನುವುದು ಇದಕ್ಕೇ.

ತಾರೀಖು ಹುಡುಕುವುದಕ್ಕೆ ಟಯರನ್ನು ಬಿಸಿಲಿಗೆ ತಂದು, ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಉಬ್ಬಿದ ಅಕ್ಷರಗಳ ನಡುವೆ ಒಂದು ಪುಟ್ಟ ಚೌಕದಲ್ಲೋ ಮೊಟ್ಟೆಯಾಕಾರದ ಗೆರೆಯೊಳಗೋ ನಾಲ್ಕು ಅಂಕಿ ಇರುತ್ತವೆ. 3824 ಎಂದಿದ್ದರೆ 2024ನೇ ಇಸವಿಯ 38ನೇ ವಾರ. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ನೋಡಬೇಕು. ಅಂಕಿ ಮೂರೇ ಇದ್ದರೆ ಆ ಟಯರು 2000ಕ್ಕಿಂತ ಹಿಂದಿನದು. ಅದನ್ನು ಕೊಂಡು ಗೋಡೆಗೆ ನೇತುಹಾಕಬಹುದು, ಬೈಕಿಗೆ ಹಾಕುವಂತಿಲ್ಲ. ತಾರೀಖು ನೋಡಿದ ಮೇಲೆ ಎರಡು ಕೈಯಲ್ಲಿ ಟಯರಿನ ಅಂಚು ಹಿಡಿದು ಅಗಲಿಸಿ, ಬಟನ್ನಿನ ಸಂದುಗಳ ಬುಡ ನೋಡಬೇಕು. ಹೊಸ ರಬ್ಬರಿನಲ್ಲಿ ಬುಡ ನಯವಾಗಿ ಕಪ್ಪಗಿರುತ್ತದೆ. ಮುದಿ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿ ಬಿಡುತ್ತವೆ, ಏಪ್ರಿಲ್ ತಿಂಗಳ ಕೆರೆಯಂಗಳದ ಹಾಗೆ. ಬಟನ್ನಿನ ಮೇಲೆ ಉಗುರು ಒತ್ತಿದರೆ ಗುರುತು ಮೂಡಿ ಮೆಲ್ಲಗೆ ಮಾಯವಾಗಬೇಕು. ಉಗುರೇ ಜಾರಿದರೆ ರಬ್ಬರು ಕಲ್ಲಾಗಿದೆ. ಅಂಗಡಿಯವರು ಪಾಲಿಶ್ ಬಳಿದು ಮಿಂಚಿಸಿದ್ದರೆ ಒರೆಸಿದ ಬಟ್ಟೆಯೇ ಹೇಳುತ್ತದೆ.

ರಬ್ಬರು ಓಡದೆಯೂ ಯಾಕೆ ಹಾಳಾಗುತ್ತದೆ ಎನ್ನುವುದು ಹಲವರಿಗೆ ಬಗೆಹರಿಯದ ಮಾತು. ಗಾಳಿಯಲ್ಲಿರುವ ಆಮ್ಲಜನಕವೂ ಓಝೋನೂ ರಬ್ಬರಿನ ಎಳೆಗಳನ್ನು ಸದಾ ಕತ್ತರಿಸುತ್ತಿರುತ್ತವೆ. ಬಿಸಿಲೂ ಕಾವೂ ಆ ಕೆಲಸಕ್ಕೆ ವೇಗ ಕೊಡುತ್ತವೆ. ಇದನ್ನು ತಡೆಯಲು ಟಯರು ಮಾಡುವಾಗಲೇ ರಬ್ಬರಿಗೆ ಮೇಣವನ್ನೂ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟಯರು ಓಡುತ್ತಾ ಬಾಗಿ ಬಳುಕಿದಾಗ ಅವು ಒಳಗಿನಿಂದ ಮೇಲ್ಮೈಗೆ ಬರುತ್ತವೆ. ನಿಂತ ಟಯರಿನಲ್ಲಿ ಆ ಹರಿದಾಟ ಸರಿಯಾಗಿ ಆಗುವುದಿಲ್ಲ. ಹಾಗಾಗಿ ದಿನಾ ಓಡುವ ಐದು ವರ್ಷದ ಟಯರಿಗಿಂತ ಕೊಟ್ಟಿಗೆಯಲ್ಲಿ ನಿಂತ ಐದು ವರ್ಷದ ಟಯರು ಹೆಚ್ಚು ಮುಪ್ಪಾಗಿರುತ್ತದೆ. ಐದಾರು ವರ್ಷ ದಾಟಿದ ಟಯರನ್ನು ವರ್ಷವರ್ಷ ಕೂಲಂಕಷವಾಗಿ ನೋಡುವುದು, ಹತ್ತು ದಾಟಿದ್ದನ್ನು ಬಟನ್ ಎಷ್ಟೇ ಇದ್ದರೂ ತೆಗೆದುಹಾಕುವುದು ಎಲ್ಲೆಡೆ ಒಪ್ಪಿದ ರೂಢಿ. ಕೊಳ್ಳುವಾಗ ಎರಡು ವರ್ಷದೊಳಗಿನದು ಸಿಕ್ಕರೆ ಒಳ್ಳೆಯದು. ಅಪರೂಪದ ಅಳತೆಗೆ ಮೂರರವರೆಗೆ ಮನಸ್ಸು ಸಡಿಲಿಸಬಹುದು, ಅದಕ್ಕಿಂತ ಆಚೆಗೆ ಅಂಗಡಿಯವರ ಮಾತಿಗೆ ಕಿವಿಗೊಡದಿರುವುದೇ ಕ್ಷೇಮ. ಅರ್ಧ ಬೆಲೆಗೆ ಕೊಡುತ್ತೇನೆ ಎಂದರೆ ಟಯರಿನ ಅರ್ಧ ಆಯುಸ್ಸು ಅಟ್ಟದಲ್ಲೇ ಮುಗಿದಿದೆ ಎಂದರ್ಥ.

ಸವೆದ ಟಯರಿನ ಮಾತು ಇದಕ್ಕಿಂತ ಸರಳ. ಬಟನ್ನಿನ ಸಂದಿನಲ್ಲಿ ಅಲ್ಲಲ್ಲಿ ಪುಟ್ಟ ದಿಬ್ಬಗಳಿರುತ್ತವೆ. ದ್ವಿಚಕ್ರದ ಟಯರಿನಲ್ಲಿ ಅವುಗಳ ಎತ್ತರ 0.8 ಮಿ.ಮೀ. ಸುತ್ತಲಿನ ಬಟನ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟಯರಿನ ಕಥೆ ಮುಗಿಯಿತು. ಲಾರಿ ಟಯರಿಗೆ ಮಾಡಿಸುವಂತೆ ಬೈಕಿನ ಟಯರಿಗೂ ಮೇಲೆ ಹೊಸ ರಬ್ಬರು ಅಂಟಿಸುವ ಆಲೋಚನೆಯನ್ನು ಇಲ್ಲೇ ಬಿಡಬೇಕು. ಲಾರಿಯಲ್ಲಿ ಒಂದು ಪಟ್ಟಿ ಕಿತ್ತುಬಂದರೆ ಇನ್ನೂ ಐದಾರು ಟಯರು ಉಳಿದಿರುತ್ತವೆ.

ಬಟನ್ನಿನ ವಿನ್ಯಾಸ ಆರಿಸುವಾಗ ಈ ಸೀಮೆಯ ದಾರಿಗಳನ್ನು ನೆನೆಯಬೇಕು. ಊರಿಂದೂರಿಗೆ ಡಾಂಬರು, ಅಲ್ಲಿಂದ ತೋಟಕ್ಕೆ ಕೆಮ್ಮಣ್ಣು, ತೋಟದೊಳಗೆ ಉದುರಿದ ಗರಿ, ಎಡೆಮಟ್ಟೆ, ಕುರುಂಬೆ. ಮುಂದಿನ ಚಕ್ರಕ್ಕೆ ಉದ್ದುದ್ದ ಪಟ್ಟೆಯಿರುವ ಟಯರು ಹಾಕುವುದು ಹಳೆಯ ಪದ್ಧತಿ. ಡಾಂಬರಿನಲ್ಲಿ ಅದು ಗೆರೆ ಹಿಡಿದಂತೆ ಹೋಗುತ್ತದೆ, ಹ್ಯಾಂಡಲ್ಲು ಹಗುರವಾಗಿರುತ್ತದೆ. ಆದರೆ ಮೊದಲ ಮಳೆಗೆ ನೆಂದ ಕೆಮ್ಮಣ್ಣಿನಲ್ಲಿ ಪಟ್ಟೆಗಳ ನಡುವೆ ಮಣ್ಣು ಮೆತ್ತಿಕೊಂಡರೆ ಆ ಟಯರು ಬೆಣ್ಣೆ ಸವರಿದ ಹಾಗೆ. ದಿನಾ ತೋಟಕ್ಕೆ ಹೋಗುವ ಬೈಕಿಗೆ ಮುಂದೂ ಹಿಂದೂ ಹೊಂದುವ, ಮಧ್ಯಮ ಗಾತ್ರದ ಬಟನ್ ಇರುವ ಟಯರೇ ವಾಸಿ. ಜಾವಾದ ಎರಡೂ ಚಕ್ರಕ್ಕೆ ಒಂದೇ ಅಳತೆಯಾದ್ದರಿಂದ ಇದರಲ್ಲೊಂದು ಲಾಭವೂ ಇದೆ: ಒಂದೇ ಬಗೆಯ ಎರಡು ಟಯರು ತಂದು, ಹಿಂದಿನದು ಬೇಗ ಸವೆದಾಗ ಅಲ್ಲಿಗೆ ಹೊಸದನ್ನು ಹಾಕಬಹುದು. ಸವೆದದ್ದನ್ನು ಮುಂದಕ್ಕೆ ತರುವುದು ಮಾತ್ರ ಬೇಡ, ಬ್ರೇಕು ಹಿಡಿದಾಗ ಭಾರ ಬೀಳುವುದು ಮುಂದಿನ ಚಕ್ರಕ್ಕೆ. ಎದ್ದೆದ್ದು ನಿಂತ ದಪ್ಪ ಬಟನ್ನಿನ ಟಯರು ಕೆಸರಿಗೆ ಒಳ್ಳೆಯದಾದರೂ ಡಾಂಬರಿನಲ್ಲಿ ಗುಂಯ್‌ಗುಡುತ್ತಾ ಅರ್ಧ ಆಯುಸ್ಸಿಗೇ ಸವೆದುಹೋಗುತ್ತದೆ. ಇನ್ನು ಮುಳ್ಳು. ಈ ಸೀಮೆಯಲ್ಲಿ ಪಂಕ್ಚರ್ ಅಂಗಡಿಯವರ ಹೊಟ್ಟೆ ಹೊರೆಯುವುದು ತೆಂಗಿನ ಚಿಪ್ಪಲ್ಲ, ಕೆರೆ ಏರಿಯ ಜಾಲಿ. ಯಾವ ವಿನ್ಯಾಸವೂ ಜಾಲಿ ಮುಳ್ಳನ್ನು ತಡೆಯುವುದಿಲ್ಲ, ತಡೆಯುವುದು ರಬ್ಬರಿನ ದಪ್ಪ. ಸವೆದ ಟಯರಿಗೆ ಪಂಕ್ಚರು ಹೆಚ್ಚಾಗುವುದೂ ಈ ಕಾರಣಕ್ಕೆ.

ತಯಾರಕರ ವಿಷಯಕ್ಕೆ ಬಂದರೆ, ಭಾರತದಲ್ಲಿ ಮಾರುವ ದ್ವಿಚಕ್ರದ ಟಯರಿನ ಮೇಲೆ ಐಎಸ್ಐ ಗುರುತು ಇರಲೇಬೇಕು, ಅದರ ಮಾನಕದ ಸಂಖ್ಯೆ ಐಎಸ್ 15627. ಕೇಂದ್ರ ಸರ್ಕಾರ ಇದನ್ನು ಕಡ್ಡಾಯ ಮಾಡಿದ ಆದೇಶ 2009ರದು. ಗುರುತಿಲ್ಲದ ಅಗ್ಗದ ಟಯರು ಅಪರೂಪದ ಅಳತೆಗಳಲ್ಲೇ ಹೆಚ್ಚು ಸುಳಿಯುವುದರಿಂದ ಇದು ಬರೀ ಕಾಗದದ ಮಾತಲ್ಲ. ಹೊರದೇಶದಲ್ಲಿ ಚೆಕ್ ಮೂಲದ ಮಿಟಾಸ್, ಜರ್ಮನಿಯ ಹೈಡೆನೌ ಕಂಪನಿಗಳು ಹಳೆಯ ಬೈಕುಗಳ 16 ಇಂಚಿನ ಅಳತೆಗಳನ್ನು ಕೈಬಿಟ್ಟಿಲ್ಲ, ಯಾಕೆಂದರೆ ಯುರೋಪಿನಲ್ಲಿ ಹಳೆಯ ಜಾವಾಗಳೂ ಎಂಜಡ್ ಬೈಕುಗಳೂ ಇನ್ನೂ ಓಡುತ್ತಿವೆ. ತರಿಸಿದರೆ ಸಾಗಣೆ, ಸುಂಕ ಸೇರಿ ದುಬಾರಿ. ಪ್ರದರ್ಶನದ ಬೈಕಿಗೆ ಅದು ಸರಿ. ಕಾಯಿ ಹೊರುವ ಬೈಕಿಗೆ ಬೆಂಗಳೂರು, ಮೈಸೂರಿನ ಜಾವಾ-ಯೆಜ್ಡಿ ಬಳಗದವರನ್ನು ವಿಚಾರಿಸಿ, ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿಕೊಳ್ಳುವುದು ಮೇಲು. ಒಟ್ಟಿಗೆ ಕೇಳಿದಾಗ ಹೊಸ ತಾರೀಖಿನ ಮಾಲು ಬರುವ ಸಂಭವವೂ ಹೆಚ್ಚು. ಬೈಕು ಹುಟ್ಟಿದ ಮೈಸೂರಿನಲ್ಲೇ ವಿಕ್ರಾಂತ್ ಟಯರ್ಸ್ ಎಂಬ ದೊಡ್ಡ ಕಾರ್ಖಾನೆ ಇತ್ತು, 1997ರಲ್ಲಿ ಜೆ.ಕೆ. ಟಯರ್ ಪಾಲಾಯಿತು. ಅದು ಹೆಸರಾದದ್ದು ಮಾತ್ರ ಲಾರಿ, ಬಸ್ಸಿನ ಟಯರಿಗೆ.

ಟಯರಿನ ಜೊತೆಗೆ ಹೊಸ ಟ್ಯೂಬೂ ಬೇಕು. ಹಳೆಯ ಟ್ಯೂಬು ಉಪಯೋಗದಲ್ಲಿ ಹಿಗ್ಗಿರುತ್ತದೆ, ಹೊಸ ಟಯರಿನೊಳಗೆ ಮಡಿಕೆ ಬಿದ್ದು ಮಡಿಕೆಯಲ್ಲೇ ಸೀಳುತ್ತದೆ. ಟ್ಯೂಬಿನ ಮೇಲೂ 3.00/3.25-16 ಎಂದಿರಬೇಕು, ಎಕ್ಸೆಲ್ಲಿನ ಟ್ಯೂಬು ಮೂರೂಕಾಲಿನ ಟಯರಿನಲ್ಲಿ ಅಳತೆಮೀರಿ ಹಿಗ್ಗಿ ತೆಳುವಾಗುತ್ತದೆ. ಟಯರು ಬಿಚ್ಚಿದಾಗ ರಿಮ್ಮಿನ ಒಳಗನ್ನು ನೋಡದೆ ಮುಚ್ಚಬಾರದು. ದಶಕಗಳ ತುಕ್ಕು ಅಲ್ಲಿ ಹೆಕ್ಕಳಿಕೆ ಎದ್ದಿರುತ್ತದೆ. ಅದನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಪ್ರೈಮರ್ ಬಳಿದು, ಕಡ್ಡಿಯ ತಲೆ ಮೇಲೆದ್ದಿದ್ದರೆ ಅರೆದು ಸಮ ಮಾಡಿ, ಹೊಸ ರಿಮ್ ಟೇಪು ಸುತ್ತಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬು ಕತ್ತರಿಸಿ ಟೇಪಿನಂತೆ ಹಾಕುತ್ತಾರೆ. ಅದೂ ನಡೆಯುತ್ತದೆ, ಒಂದೇ ಪದರವಾಗಿ ಸುಕ್ಕಿಲ್ಲದೆ ಕೂತರೆ.

ಹೊಸ ಟಯರು ರಿಮ್ಮಿಗೆ ಹತ್ತಲು ಹಟ ಮಾಡುತ್ತದೆ. ಎಣ್ಣೆ ಕೈಗೆಟುಕುವ ಊರಿನಲ್ಲಿ ಕೊಬ್ಬರಿ ಎಣ್ಣೆ ಸವರಿ ಜಾರಿಸುವ ಬುದ್ಧಿ ಯಾರಿಗಾದರೂ ಬರುವಂಥದೇ. ಆದರೆ ಎಣ್ಣೆ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಒಣಗದೆ ಉಳಿದ ಜಿಡ್ಡಿನಿಂದ ಬ್ರೇಕು ಹಿಡಿದಾಗ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಬುಡದಲ್ಲೇ ಕಿತ್ತುಹಾಕಬಹುದು. ಸೋಪಿನ ನೀರು ಸಾಕು, ಅದು ಒಣಗಿದ ಮೇಲೆ ಹಿಡಿತ ಬಿಡುವುದಿಲ್ಲ. ಟ್ಯೂಬಿಗೆ ಪೌಡರು ಎರಚಿ, ಅದು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಸೇರಿಸಿದರೆ ಲಿವರಿಗೆ ಸಿಕ್ಕಿ ಹರಿಯುವುದಿಲ್ಲ. ಪಕ್ಕೆಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಬೇಕು. ಕೆಲವು ಟಯರಿನಲ್ಲಿ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೆ ಅದರ ವಿರುದ್ಧ ಇನ್ನೊಂದು ಬಾಣ ಇರುತ್ತದೆ. ಬಟನ್ನಿನ ರಬ್ಬರು ಪಟ್ಟಿಯಾಗಿ ಸುತ್ತಿ ಓರೆಯಾಗಿ ಬೆಸೆದದ್ದು. ಹಿಂದಿನ ಚಕ್ರದಲ್ಲಿ ಎಳೆತ ಒಂದು ಕಡೆಗೆ, ಮುಂದಿನದರಲ್ಲಿ ಬ್ರೇಕಿನ ತಡೆ ಇನ್ನೊಂದು ಕಡೆಗೆ ಆಗುವುದರಿಂದ ಬೆಸುಗೆ ಬಿಚ್ಚದಂತೆ ಈ ಏರ್ಪಾಟು. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿನ ಪಕ್ಕ ಟಯರಿನಲ್ಲೊಂದು ತೆಳು ಗೆರೆ ಕಾಣುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಒಂದೇ ಅಂತರದಲ್ಲಿದ್ದರೆ ಟಯರು ಸರಿಯಾಗಿ ಕೂತಿದೆ. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪಿನ ನೀರು ಹಾಕಿ, ತಟ್ಟಿ ಕೂರಿಸಬೇಕು.

ಈ ತರಹದ ಬೈಕಿಗೆ ಗಾಳಿ ಸಾಮಾನ್ಯವಾಗಿ ಮುಂದೆ 22ರಿಂದ 25 ಪೌಂಡ್, ಹಿಂದೆ 28ರಿಂದ 32. ಒಬ್ಬರೇ ಹೋಗುವಾಗ ಕೆಳಗಿನ ಸಂಖ್ಯೆ, ಚೀಲ ಹೇರಿದಾಗ ಮೇಲಿನದು. ಟಯರು ತಣ್ಣಗಿರುವಾಗ, ಎಂದರೆ ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಹೊಡೆಸಿದರೆ ಲೆಕ್ಕ ಸರಿ ಬರುತ್ತದೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಹೊಸ ಟಯರಿನ ಮೇಲೆ ಉಳಿದಿರುವುದರಿಂದ ಮೊದಲ ನೂರು-ನೂರೈವತ್ತು ಕಿ.ಮೀ. ತಿರುವಿನಲ್ಲಿ ಬೈಕು ಓರೆ ಮಾಡುವುದಾಗಲಿ ಜೋರು ಬ್ರೇಕಾಗಲಿ ಬೇಡ. ಅರಳಗುಪ್ಪೆಯಿಂದ ಬಾಣಸಂದ್ರಕ್ಕೆ ಹತ್ತು-ಹನ್ನೆರಡು ಸಲ ಹೋಗಿಬಂದರೆ ಅಷ್ಟಾಯಿತು.

ಮತ್ತೆ ಕೊಟ್ಟಿಗೆಯಲ್ಲಿ ನಿಲ್ಲಿಸುವುದಾದರೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನೆಲ ತಾಗುವ ಚಕ್ರದ ಕೆಳಗೆ ಹಲಗೆ ಕೊಡಬೇಕು. ಗಾಳಿ ಇಳಿದ ಟಯರು ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಚಪ್ಪಟೆಯಾಗಿ, ಆಮೇಲೆ ಎಷ್ಟು ಗಾಳಿ ತುಂಬಿದರೂ ದುಂಡಗಾಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚಕ್ರವನ್ನು ಕಾಲು ಸುತ್ತು ತಿರುಗಿಸಿ, ಗಾಳಿ ನೋಡಿ, ಸಾಧ್ಯವಾದರೆ ಕೆರೆ ಏರಿಯವರೆಗೆ ಒಂದು ಸಲ ಓಡಿಸಿ ತಂದರೆ ರಬ್ಬರಿನೊಳಗಿನ ಮೇಣ ಮೇಲೆ ಬರುತ್ತದೆ. ಸೀಮೆಎಣ್ಣೆ, ಡೀಸೆಲ್ ಡಬ್ಬಗಳನ್ನೂ ಗೊಬ್ಬರದ ಚೀಲವನ್ನೂ ಟಯರಿನ ಹತ್ತಿರ ಇಡಬಾರದು. ಟಯರಿನ ಪಕ್ಕೆಯ ನಾಲ್ಕು ಅಂಕಿಗಳನ್ನು ಆರ್‌ಸಿ ಪುಸ್ತಕದ ಹಿಂದಿನ ಕವರಿನಲ್ಲಿ ಒಂದು ಚೀಟಿಗೆ ಬರೆದಿಟ್ಟರೆ, ಮುಂದೆ ಬೈಕನ್ನು ಹೊರಗೆ ತಳ್ಳುವವರು ಕತ್ತಲೆಯಲ್ಲಿ ಪಕ್ಕೆ ತಡವುವುದು ತಪ್ಪುತ್ತದೆ.